ಕ್ಯಾಮೆರಾ ಹೋಯ್ತು, ಝಾಂಬಿ ಹೋಯ್ತು, ಹೆಸರು ಮಾತ್ರ ಉಳೀತು: ರೆಸಿಡೆಂಟ್ ಈವಿಲ್ ಇನ್ನೂ ರೆಸಿಡೆಂಟ್ ಈವಿಲ್ಲೇನಾ?

ಹಸಿರುಸೊಪ್ಪು:

ತುಂಬಾ ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ, ಬೈಬೇಡಿ. ಕಳೆದ ಎರಡು ತಿಂಗಳಲ್ಲಿ ರೆಸಿಡೆಂಟ್ ಈವಿಲ್ ಅನ್ನೋ ಕ್ಯಾಪ್‌ಕಾಮ್ ಕಂಪನಿಯ ಹಾರರ್ ವಿಡಿಯೋ ಗೇಮ್ ಸೀರೀಸ್‌ದು ಮೂರು ಗೇಮ್ ಒಂದರ ಹಿಂದೆ ಒಂದು ಆಡಿ ಮುಗಿಸ್ದೆ. ಮೊದಲನೇದರ 2002ರ ರೀಮೇಕ್, ಆಮೇಲೆ ನಾಲ್ಕನೇದು (2005ರದ್ದೇ, ಹೊಸ ರೀಮೇಕ್ ಅಲ್ಲ), ಅದಾದ್ಮೇಲೆ 2017ರ ಏಳು. ಮೂರಕ್ಕೂ ಒಂದೇ ಹೆಸರು, ಆದ್ರೆ ಯಾರಾದ್ರೂ ಹೆಸರು ಮುಚ್ಚಿಟ್ಟು ಮೂರನ್ನೂ ಪಕ್ಕ ಪಕ್ಕ ಓಡಿಸಿ ತೋರಿಸಿದ್ರೆ ಇವು ಒಂದೇ ಮನೆ ಮಕ್ಳು ಅಂತ ಯಾರೂ ಹೇಳಲ್ಲ.

ಮೊದಲನೇದರಲ್ಲಿ ಕ್ಯಾಮೆರಾ ಎಲ್ಲೋ ಗೋಡೆ ಮೂಲೇಲಿ ಅಂಟ್ಕೊಂಡು ಕೂತಿರುತ್ತೆ, ನಾವು ನಾಯಕಿ ಜಿಲ್‌ನ ಟ್ಯಾಂಕ್ ತಿರುಗಿಸಿದ ಹಾಗೆ ತಿರುಗಿಸ್ಕೊಂಡು ಓಡಾಡ್ಬೇಕು, ದೊಡ್ಡ ಬಂಗ್ಲೆ, ಬೀಗ, ಕೀ, ಒಗಟು. ನಾಲ್ಕರಲ್ಲಿ ಕ್ಯಾಮೆರಾ ನಾಯಕ ಲಿಯಾನ್ ಭುಜದ ಹಿಂದೆ ಬಂದ್ಬಿಡ್ತು, ಝಾಂಬಿನೇ ಇಲ್ಲ, ಹಳ್ಳಿ ಜನ ಕೊಡಲಿ ಹಿಡ್ಕೊಂಡು ಓಡಿ ಬರ್ತಾರೆ, ತಲೆಗೊಂದು ಗುಂಡು ಹೊಡ್ದು ಹತ್ರ ಹೋಗಿ ಜಾಡಿಸಿ ಒದೀಬೋದು, ಮಧ್ಯೆ ಮಧ್ಯೆ ಕೋಟ್ ಬಿಚ್ಚಿ ಬಂದೂಕು ಮಾರೋ ಒಬ್ಬ ವ್ಯಾಪಾರಿ ಬೇರೆ. ಏಳಕ್ಕೆ ಬಂದ್ರೆ ಅದೂ ಹೋಯ್ತು, ನಮ್ ಕಣ್ಣೇ ಕ್ಯಾಮೆರಾ, ನಾಯಕ ಈಥನ್ ಮುಖನೂ ಸರಿಯಾಗಿ ತೋರ್ಸಲ್ಲ, ಲೂಸಿಯಾನದ ಒಂದು ಕೊಳಕು ಮನೇಲಿ ಹುಚ್ಚು ಹಿಡ್ದಿರೋ ಸಂಸಾರ ನಮ್ಮನ್ನ ಅಟ್ಟಿಸ್ಕೊಂಡು ಬರುತ್ತೆ ಅಷ್ಟೇ.

ವಿಚಿತ್ರ ಏನಂದ್ರೆ ಮೂರನ್ನ ಆಡುವಾಗ್ಲೂ ನಂಗೆ ಒಂದೇ ಗೇಮ್ ಆಡ್ತಿದೀನಿ ಅನ್ನಿಸ್ತು, ಹೊಟ್ಟೇಲಿ ಅದೇ ಸಂಕಟ. ಆದ್ರೆ 2012ರ ಆರನೇದು ಹಾಕಿದ್ರೆ, ನೋಡೋಕೆ ನಾಲ್ಕರ ಥರಾನೇ ಇದೆ, ಅದೇ ಲಿಯಾನು, ಅದೇ ಭುಜದ ಹಿಂದಿನ ಕ್ಯಾಮೆರಾ, ಝಾಂಬಿನೂ ವಾಪಸ್ ಬಂದಿದಾವೆ, ಆದ್ರೂ ಒಂದು ಗಂಟೆ ಆಡಿ ಇದು ಬೇರೆ ಯಾವ್ದೋ ಗೇಮು ಅನ್ಸಿ ಆಫ್ ಮಾಡಿಬಿಟ್ಟೆ. ಅಂದ್ರೆ ಎಲ್ಲಾ ಬದಲಾಯ್ಸಿದ್ರೂ ಗುರುತು ಉಳಿಯುತ್ತೆ, ಎಲ್ಲಾ ಹಾಗೇ ಇಟ್ರೂ ಗುರುತು ಹೋಗುತ್ತೆ. ಇದು ನಂಗೊಬ್ಬನಿಗೇ ಆಗೋದಾ? ಒಂದು ಸೀರೀಸ್‌ನ ಗುರುತು ಅನ್ನೋದು ನಿಜವಾಗ್ಲೂ ಎಲ್ಲಿರುತ್ತೆ?

ಕೊನೇಗುಂಡು:

ಪ್ರಶ್ನೇಲೇ ಉತ್ತರ ಇಟ್ಕೊಂಡು ಕೇಳ್ತಿದೀಯ ಗುರು. ಹೊಟ್ಟೇಲಿ ಸಂಕಟ ಅಂದ್ಯಲ್ಲ, ಅದು ಎಲ್ಲಿಂದ ಬರುತ್ತೆ ಅಂತ ಒಂದ್ಸಲ ಯೋಚ್ನೆ ಮಾಡು. ಲೆಕ್ಕದಿಂದ. ಬಂದೂಕಲ್ಲಿ ಎಷ್ಟು ಗುಂಡಿದೆ, ಚೀಲದಲ್ಲಿ ಎಷ್ಟು ಜಾಗ ಇದೆ, ಇವನನ್ನ ಹೊಡೀಲಾ ಇಲ್ಲ ಪಕ್ಕದಿಂದ ನುಸುಳ್ಕೊಂಡು ಹೋಗ್ಲಾ. ಈ ಸೀರೀಸ್ ಅಂದ್ರೆ ನಂಗೆ ಇದೇ, ಮಿಕ್ಕಿದ್ದೆಲ್ಲಾ ಬಟ್ಟೆ.

ಮೊದಲನೇದರಲ್ಲಿ ಜಿಲ್ ಚೀಲದಲ್ಲಿ 8 ಜಾಗ, ಇನ್ನೊಬ್ಬ ನಾಯಕ ಕ್ರಿಸ್‌ಗೆ ಬರೀ 6. ಅದರಲ್ಲಿ ಒಂದು ಬಂದೂಕು, ಒಂದು ಗುಂಡು, ಗಾಯ ವಾಸಿ ಮಾಡೋ ಒಂದು ಸೊಪ್ಪು, ಒಂದು ಕೀ ಇಟ್ರೆ ಮುಗೀತು, ಇನ್ನೆರಡು ಜಾಗಕ್ಕೋಸ್ಕರ ಇಡೀ ಬಂಗ್ಲೆ ಸುತ್ಬೇಕು. ಸೇವ್ ಮಾಡೋಕೂ ಟೈಪ್‌ರೈಟರ್‌ಗೆ ಇಂಕ್ ರಿಬ್ಬನ್ ಬೇಕು, ಅದೂ ಎಣಿಸಿ ಕೊಟ್ಟಿರ್ತಾರೆ. ನೀನು ಆಡಿದ 2002ರ ರೀಮೇಕಲ್ಲಂತೂ ಸತ್ತೋನೂ ಪುಕ್ಕಟೆ ಅಲ್ಲ, ಸೀಮೆಎಣ್ಣೆ ಹಾಕಿ ಸುಡದೇ ಬಿಟ್ರೆ ಅದೇ ಹೆಣ ಆಮೇಲೆ ಕೆಂಪು ತಲೆ ಮಾಡ್ಕೊಂಡು ಎದ್ದು ಓಡಿ ಬರುತ್ತೆ, ಹಾಗಂತ ಎಲ್ಲಾ ಸುಡೋಕೆ ಎಣ್ಣೆ ಸಾಲಲ್ಲ. ಅತ್ತ ದರಿ ಇತ್ತ ಪುಲಿ. ಅಂದ್ರೆ ಕೊಲ್ಲೋದೂ ಖರ್ಚೇ, ಬಿಡೋದೂ ಖರ್ಚೇ.

ಈಗ ನಾಲ್ಕನ್ನ ನೋಡು. ಎಲ್ರೂ ಅದನ್ನ ಆಕ್ಷನ್ ಗೇಮ್ ಅಂತಾರೆ, ಸರಿ, ಸತ್ತೋರ ಹತ್ರ ಗುಂಡೂ ಸಿಗುತ್ತೆ, ದುಡ್ಡೂ ಸಿಗುತ್ತೆ, ರಿಬ್ಬನ್ನೂ ಬೇಕಾಗಿಲ್ಲ. ಆದ್ರೆ ಗುರಿ ಇಟ್ಟ ಕೂಡ್ಲೇ ಕಾಲು ನೆಲಕ್ಕೆ ಅಂಟ್ಕೊಳುತ್ತೆ, ನೆನಪಿದೆಯಾ? ನಡೀತಾ ಹೊಡೆಯೋ ಹಾಗೇ ಇಲ್ಲ. ಹತ್ತು ಜನ ಮುತ್ಕೊಂಡು ಬರ್ತಿರುವಾಗ ನಿಂತು ಹೊಡೀಬೇಕಾ ಓಡ್ಬೇಕಾ ಅನ್ನೋ ಲೆಕ್ಕ, ಅದು ಹಳೇ ಟ್ಯಾಂಕ್ ಕಂಟ್ರೋಲ್‌ನ ಮೊಮ್ಮಗ. ಆಮೇಲೆ ಆ ಸೂಟ್‌ಕೇಸು, ರಾಕೆಟ್ ಲಾಂಚರ್‌ನ ಅಡ್ಡ ತಿರುಗ್ಸಿ, ಮೊಟ್ಟೆನ ಮೂಲೆಗೆ ತಳ್ಳಿ, ಒಂದು ಗ್ರೆನೇಡ್‌ಗೆ ಜಾಗ ಮಾಡೋಕೆ ಅರ್ಧ ಗಂಟೆ ಕೂತಿದೀನಿ ನಾನು.

ಏಳು ಇನ್ನೂ ಸೀದಾ. ಕೆಮ್ ಫ್ಲೂಯಿಡ್ ಬಾಟ್ಲಿ ಒಂದೇ ಇದೆ, ಸೊಪ್ಪಿನ ಜೊತೆ ಸೇರಿಸಿದ್ರೆ ಔಷಧಿ, ಮದ್ದಿನ ಪುಡಿ ಜೊತೆ ಸೇರಿಸಿದ್ರೆ ಗುಂಡು. ಬದುಕೋದಾ ಹೊಡೆಯೋದಾ, ಆರಿಸ್ಕೋ.

ಇನ್ನು ಆರು. ನಡೀತಾ ಹೊಡಿ, ಜಾರ್ಕೊಂಡು ಹೊಡಿ, ಬೆನ್ನ ಮೇಲೆ ಬಿದ್ದು ಮಲ್ಕೊಂಡೂ ಹೊಡಿ. ಗುಂಡು ಮುಗಿದ್ರೆ ಕೈಕಾಲಲ್ಲೇ ಬಡಿ. ಹಸಿರು ಸೊಪ್ಪನ್ನ ಮಾತ್ರೆ ಮಾಡಿ ಡಬ್ಬಿಗೆ ಹಾಕ್ಕೊಂಡು ಒಂದು ಬಟನ್ ಒತ್ತಿದ್ರೆ ಬಾಯಿಗೆ. ಎಲ್ಲಿದೆ ಲೆಕ್ಕ? ಅದಕ್ಕೇ ನೀನು ಆಫ್ ಮಾಡಿದ್ದು.

ಮೂಲೆಕ್ಯಾಮೆರಾ:

ಕೊನೇಗುಂಡು ಹೇಳಿದ್ದು ಕೇಳೋಕೆ ಚೆನ್ನಾಗಿದೆ ಆದ್ರೆ ನಾನು ಒಪ್ಪಲ್ಲ. ಗುಂಡು ಕಮ್ಮಿ ಕೊಟ್ಟು ಚೀಲ ಚಿಕ್ಕದು ಮಾಡಿದ ಗೇಮ್‌ಗಳು ಬೇಕಾದಷ್ಟಿವೆ ಕಣ್ರೀ, ಅವೆಲ್ಲಾ ರೆಸಿಡೆಂಟ್ ಈವಿಲ್ ಆಗ್ಬಿಟ್ವಾ?

1996ರಲ್ಲಿ ಪ್ಲೇಸ್ಟೇಷನ್‌ಗೆ ಅಷ್ಟು ವಿವರ ಇರೋ ಬಂಗ್ಲೇನ ಆಡ್ತಾ ಆಡ್ತಾ ಬಿಡಿಸೋ ಶಕ್ತಿ ಇರ್ಲಿಲ್ಲ. ಅದಕ್ಕೆ ಹಿನ್ನೆಲೆ ಎಲ್ಲಾ ಮೊದ್ಲೇ ಮಾಡಿಟ್ಟ ಚಿತ್ರಗಳು, ಚಿತ್ರ ಅಂದ್ಮೇಲೆ ಕ್ಯಾಮೆರಾ ಅಲ್ಲಾಡೋ ಹಾಗಿಲ್ಲ. ಅದು ಬಡತನವೇ, ಒಪ್ತೀನಿ. ಆದ್ರೆ ನಿರ್ದೇಶಕ ಮಿಕಾಮಿ ಮತ್ತೆ ಅವರ ತಂಡ ಆ ಬಡತನನ ಏನು ಮಾಡಿದ್ರು ನೋಡಿ. ಒಂದು ಮೂಲೆ ತಿರುಗೋ ಮೊದ್ಲು ಆಚೆ ಕಡೆ ಯಾರೋ ನರಳೋ ಸದ್ದು ಬರುತ್ತೆ, ಜಿಲ್ ನಿಂತಿರೋ ಜಾಗದಿಂದ ಅವಳಿಗೆ ಅದು ಕಾಣ್ಲೇಬೇಕು, ಆದ್ರೆ ನಮಗೆ ಕಾಣಲ್ಲ, ಯಾಕಂದ್ರೆ ಕ್ಯಾಮೆರಾ ನಮಗೆ ತೋರ್ಸೋದು ಅವಳ ಮುಖದ ಕಡೆ. ನಮಗೂ ಅವಳಿಗೂ ಮಧ್ಯೆ ಒಬ್ಬ ಮೂರನೆಯವನು ಕೂತು ಏನು ತೋರಿಸ್ಬೇಕು ಏನು ಮುಚ್ಚಿಡ್ಬೇಕು ಅಂತ ತೀರ್ಮಾನ ಮಾಡ್ತಿದಾನೆ. ಆ ಉದ್ದ ಓಣೀಲಿ ಕಿಟಕಿ ಒಡ್ಕೊಂಡು ನಾಯಿ ಹಾರೋದು ಯಾಕೆ ಇವತ್ತಿಗೂ ಜನರ ನೆನಪಲ್ಲಿದೆ? ಕ್ಯಾಮೆರಾ ನಮ್ಮ ಕೈಲಿ ಇರ್ಲಿಲ್ಲ ಅದಕ್ಕೆ.

ಬಾಗಿಲು ತೆರ್ಕೊಳ್ಳೋದೂ ಅಷ್ಟೇ. ಕಪ್ಪು ಪರದೆ ಮೇಲೆ ಒಂದೇ ಒಂದು ಬಾಗಿಲು, ಕಿರ್ ಅಂತ ನಿಧಾನಕ್ಕೆ. ಮುಂದಿನ ಕೋಣೆ ಲೋಡ್ ಆಗೋ ತನಕ ಹೊತ್ತು ಕಳೆಯೋಕೆ ಮಾಡಿದ್ದು ಅದು, ಆದ್ರೆ ಆ ಕೆಲವು ಸೆಕೆಂಡಲ್ಲಿ ಉಸಿರು ಬಿಗಿ ಹಿಡಿದಷ್ಟು ನಾನು ಬೇರೆ ಯಾವ ಬಾಸ್ ಮುಂದೇನೂ ಹಿಡಿದಿಲ್ಲ.

ನಾಲ್ಕನೇದು ಅದ್ಭುತ ಗೇಮ್, ಆರೇಳು ಸಲ ಮುಗಿಸಿದೀನಿ, ಜಗಳಕ್ಕೆ ಬರ್ಬೇಡಿ. ಆದ್ರೆ ಕ್ಯಾಮೆರಾನ ಆಟಗಾರನ ಕೈಗೆ ಕೊಟ್ಟ ದಿನ ಆ ಮೂರನೆಯವನು ಸತ್ತ. 2002ರಲ್ಲಿ ರೀಮೇಕು, ಅದೇ ವರ್ಷ ರೆಸಿಡೆಂಟ್ ಈವಿಲ್ ಝೀರೋ, ಅಲ್ಲಿಗೆ ನನ್ನ ರೆಸಿಡೆಂಟ್ ಈವಿಲ್ ಮುಗೀತು. ಮುಂದಿಂದು ಅದೇ ಹೆಸರಿನ ಬೇರೆ ಒಳ್ಳೇ ಗೇಮ್‌ಗಳು.

ಕೊನೇಗುಂಡು:

ಮೂಲೆಕ್ಯಾಮೆರಾ ಅವರೇ, ಹೆಸರಿಗೆ ತಕ್ಕ ಹಾಗೆ ಮಾತಾಡಿದ್ರಿ 😄 ಆದ್ರೆ ಒಂದು ವಿಷ್ಯ. ಮೂಲೆ ಕ್ಯಾಮೆರಾ ಈ ಸೀರೀಸ್ ಕಂಡುಹಿಡಿದಿದ್ದೇ ಅಲ್ಲ, 1992ರ ಅಲೋನ್ ಇನ್ ದ ಡಾರ್ಕ್‌ನಲ್ಲೇ ಇತ್ತು. ರೆಸಿಡೆಂಟ್ ಈವಿಲ್‌ನ ಮೊದಮೊದಲು ಫಸ್ಟ್ ಪರ್ಸನ್ (ನಮ್ ಕಣ್ಣೇ ಕ್ಯಾಮೆರಾ) ಗೇಮ್ ಆಗೇ ಮಾಡೋಕೆ ಹೊರಟಿದ್ರು, ಆಮೇಲೆ ಅದನ್ನ ಕೈಬಿಟ್ಟು ಮೂಲೆಗೆ ಬಂದಿದ್ದು. ಹಾಗಾಗಿ ಏಳನೇದು ಸೀರೀಸ್‌ಗೆ ದ್ರೋಹ ಮಾಡ್ತು ಅಂತ ಅಳೋರಿಗೆ ನಾನು ಹೇಳೋದು, ಅದು ಇಪ್ಪತ್ತು ವರ್ಷ ತಡವಾಗಿ ಬಂದ ಮೊದಲನೇ ಐಡಿಯಾ.

ಇನ್ನೂ ಹಿಂದೆ ಹೋದ್ರೆ 1989ರಲ್ಲಿ ಇದೇ ಕ್ಯಾಪ್‌ಕಾಮ್ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಸ್ವೀಟ್ ಹೋಮ್ ಅಂತ ಒಂದು ಗೇಮ್ ಮಾಡಿತ್ತು. ದೆವ್ವದ ಬಂಗ್ಲೆ, ಒಬ್ಬೊಬ್ಬರ ಕೈಲೂ ಇಡ್ಕೊಳ್ಳೋಕೆ ಚೂರೇ ಚೂರು ಜಾಗ, ನೀವು ಹೇಳಿದ ಆ ಬಾಗಿಲು ತೆರ್ಕೊಳ್ಳೋದು ಕೂಡ ಅದರಲ್ಲಿತ್ತು. ಅದನ್ನ ಮಾಡಿದ ಟೊಕುರೊ ಫುಜಿವಾರಾನೇ ಮುಂದೆ ಮಿಕಾಮಿಗೆ ಈ ಕೆಲಸ ಒಪ್ಪಿಸಿದ್ದು. ಕ್ಯಾಮೆರಾ ಹುಟ್ಟೋ ಮೊದ್ಲೇ ಚೀಲದ ಲೆಕ್ಕ ಹುಟ್ಟಿತ್ತು ಸ್ವಾಮಿ!

ಮೂಲೆಕ್ಯಾಮೆರಾ:

ಎರವಲು ತಂದಿದ್ದು ಅಂದ್ರೆ ನಮ್ದಲ್ಲ ಅಂತಾನಾ? ಹಾಗೆ ನೋಡಿದ್ರೆ ಯಾರ ಹತ್ರಾನೂ ಸ್ವಂತದ್ದು ಅಂತ ಏನೂ ಉಳಿಯಲ್ಲ. ಮೊದ್ಲು ಯಾರು ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಯಾವ್ದರಿಂದ ಜನ ಇದನ್ನ ಗುರುತು ಹಿಡೀತಿದ್ರು ಅಂತ ಹೇಳ್ತಿದೀನಿ.

ಬಾಗಿಲಿನ ವಿಷ್ಯ ಒಪ್ಕೋತೀನಿ, ಅದು ಸ್ವೀಟ್ ಹೋಮ್‌ದೇ.

ಡಿಸ್ಕ್‌ಮೂರು:

ನೀವಿಬ್ರೂ ಕಚ್ಚಾಡ್ತಾ ಇರಿ, ನಾನು ಫೈನಲ್ ಫ್ಯಾಂಟಸಿ ಅನ್ನೋ ಸೀರೀಸ್ ಕಡೆಯವನು, ನಮ್ಮನೇಲಿ ಈ ಗಲಾಟೆ 1987ರಿಂದ ನಡೀತಿದೆ. ನಿಮಗಾದ್ರೂ ಲಿಯಾನು ಕ್ರಿಸ್ಸು ಅಂತ ಹಳೇ ಮುಖಗಳಿವೆ, ನಮಗೆ ನಂಬರ್ ಬದಲಾದ್ರೆ ಲೋಕನೇ ಬದಲು, ಊರು, ಜನ, ಕಥೆ, ದೇವ್ರು ಎಲ್ಲಾ ಹೊಸದು. ಉಳಿಯೋದು ಅಂದ್ರೆ ಚೊಕೊಬೋ ಅನ್ನೋ ಹಳದಿ ಹಕ್ಕಿ, ಎಲ್ಲೋ ಒಂದು ಕಡೆ ಸಿಡ್ ಅನ್ನೋ ಹೆಸರಿನ ಒಬ್ಬ, ಮತ್ತೆ ಸಂಗೀತಗಾರ ಉಯೆಮಾಟ್ಸು ಮಾಡಿದ ಆ ಏರಿ ಇಳಿಯೋ ಪ್ರಿಲ್ಯೂಡ್ ರಾಗ. ಏಳನೇದಕ್ಕೆ ಅಂತೂ ನಿಂಟೆಂಡೊನೇ ಬಿಟ್ಟು ಹೋದ್ರು, ಕಾರ್ಟ್ರಿಡ್ಜಲ್ಲಿ ಹಿಡಿಸಲ್ಲ ಸೀಡಿನೇ ಬೇಕು ಅಂತ, 1997ರಲ್ಲಿ ಮೂರು ಡಿಸ್ಕಲ್ಲಿ ಬಂತು ಅದು, ನನ್ನ ಹೆಸರು ಅಲ್ಲಿಂದಾನೇ. ಕಾದಾಟದ ರೀತಿ ನೋಡಿದ್ರೆ, ಮೊದ್ಲು ಸರದಿ ಪ್ರಕಾರ ನಿಂತು ಹೊಡ್ಯೋದು, 1991ರ ನಾಲ್ಕರಲ್ಲಿ ಸರದಿಗೊಂದು ಗಡಿಯಾರ ಕಟ್ಟಿದ್ರು, ಹನ್ನೊಂದು ಪೂರ್ತಿ ಆನ್‌ಲೈನ್, ಹದಿನೈದರಲ್ಲಿ ಬಟನ್ ಒತ್ತಿ ಹಿಡ್ಕೊಂಡು ಹೊಡ್ಯೋದು, 2023ರ ಹದಿನಾರಕ್ಕೆ ಬಂದ್ರೆ ಡೆವಿಲ್ ಮೇ ಕ್ರೈ 5 ಅನ್ನೋ ಆಕ್ಷನ್ ಗೇಮಲ್ಲಿ ಕೆಲಸ ಮಾಡಿದೋರೇ ಕಾದಾಟ ಮಾಡಿದ್ದು. ಪ್ರತಿ ಸಲನೂ ಇದು ಫೈನಲ್ ಫ್ಯಾಂಟಸಿನೇ ಅಲ್ಲ ಅಂತ ಅರ್ಧ ಜನ ಅಂತಾರೆ, ಪ್ರತಿ ಸಲ ಅವರ ಮಾತು ನಿಜಾನೇ, ಹತ್ತು ವರ್ಷ ಬಿಟ್ಟು ನೋಡಿದ್ರೆ ಅವರೇ ಅದನ್ನ ತಲೆ ಮೇಲೆ ಹೊತ್ಕೊಂಡು ಕುಣೀತಿರ್ತಾರೆ.

ನನ್ನ ಪ್ರಕಾರ ಕಿತ್ತು ಹೊಸದಾಗಿ ಕಟ್ಟೋದೇ ಅದರ ಗುರುತು. ಹದಿನಾಲ್ಕನೇದರ ಕಥೆ ಗೊತ್ತಲ್ಲ, ಅದೂ ಆನ್‌ಲೈನ್, 2010ರಲ್ಲಿ ಬಂದಾಗ ಯಾರಿಗೂ ಹಿಡಿಸ್ಲಿಲ್ಲ, ಹೊಸ ನಿರ್ಮಾಪಕ ನವೋಕಿ ಯೋಶಿದಾ ಬಂದು ಗೇಮ್‌ನ ಸದ್ದಿಲ್ಲದೇ ಮುಚ್ಚೋ ಬದ್ಲು ಆಕಾಶದಿಂದ ಚಂದ್ರನನ್ನೇ ಬೀಳಿಸಿ, ಅದರೊಳಗಿಂದ ಬಹಾಮುಟ್ ಅನ್ನೋ ಡ್ರ್ಯಾಗನ್‌ನ ಹೊರಗೆ ತಂದು ಆಟದ ಲೋಕನೇ ಸುಟ್ಟು ಹಾಕಿದ್ರು. ಸರ್ವರ್ ಬಂದ್ ಆಗಿದ್ದು 2012ರ ನವೆಂಬರ್‌ನಲ್ಲಿ, ಹೊಸದಾಗಿ ಕಟ್ಟಿ ತೆರೆದಿದ್ದು 2013ರಲ್ಲಿ, ಹೊಸ ಗೇಮಲ್ಲಿ ಜನ ಆ ಹಳೇ ಸರ್ವನಾಶನ ನೆನೆಸ್ಕೊಂಡು ಮಾತಾಡ್ತಾರೆ. ಸ್ಟೈಲ್ ಬದಲಾಯ್ಸೋದನ್ನ ಕಥೆ ಒಳಗೇ ತಂದ್ಬಿಟ್ರು, ಅದಕ್ಕೇ ಜನ ಒಪ್ಕೊಂಡಿದ್ದು.

ಯಾಕುಝಾ ಸೀರೀಸಲ್ಲೂ ಇದೇ ಆಗಿದ್ದು. 2005ರಿಂದ ಬೀದಿ ಜಗಳ, ನಾಯಕ ಕಿರ್ಯೂ ಸೈಕಲ್ ಎತ್ತಿ ತಲೆಗೆ ಬಡಿಯೋದು, ಆಮೇಲೆ 2019ರ ಏಪ್ರಿಲ್ ಫೂಲ್ ದಿನ ಸರದಿ ಕಾದಾಟದ ವಿಡಿಯೋ ಬಿಟ್ರು, ಎಲ್ರೂ ನಕ್ಕರು, ಏಳನೇ ಗೇಮ್ ನೋಡಿದ್ರೆ ಅದೇ ನಿಜ. ಹೇಗೆ ಒಪ್ಪಿಸಿದ್ರು? ಹೊಸ ನಾಯಕ ಇಚಿಬಾನ್ ಚಿಕ್ಕೋನಿಂದ ಸರದಿ ಕಾದಾಟದ ಡ್ರ್ಯಾಗನ್ ಕ್ವೆಸ್ಟ್ ಗೇಮ್ ಹುಚ್ಚ, ಬೀದೀಲಿ ಯಾರಾದ್ರೂ ಅಡ್ಡ ಬಂದ್ರೆ ಅವನ ತಲೇಲಿ ಅದು ಆ ಥರ ಕಾಣುತ್ತೆ, ಅಷ್ಟೇ. ಒಬ್ಬ ಮನುಷ್ಯ ಬದಲಾದ, ಅವನ ಜೊತೆ ಆಟ ಬದಲಾಯ್ತು. ಕಾರಣ ಕೊಡದೇ ಬದಲಾಯ್ಸೋದು, ಕಾರಣ ಕೊಟ್ಟು ಬದಲಾಯ್ಸೋದು, ಇವೆರಡರ ಮಧ್ಯೆ ತುಂಬಾ ವ್ಯತ್ಯಾಸ ಇದೆ.

ಕಟ್ಟೆಪುರಾಣ:

ಅಯ್ಯೋ ಪಾಪ, ಎಲ್ರೂ ಎಷ್ಟು ಕಷ್ಟ ಪಡ್ತಿದೀರಾ. ಗುರುತು ಇರೋದು ಡಬ್ಬಿ ಮೇಲೆ. ಹೊಸ ಹೆಸರಿನ ಗೇಮ್ ಮಾರೋದು ಕಷ್ಟ, ಹಳೇ ಹೆಸರಿನದ್ದು ಸುಲಭ, ಅಷ್ಟೇ ವಿಷ್ಯ.

ನಂಬಲ್ಲ ಅಂದ್ರೆ ನಿಮ್ಮ ನಾಲ್ಕನೇದರ ಕಥೆನೇ ತಗೊಳ್ಳಿ. ನಾಲ್ಕು ಅಂತ ಶುರು ಮಾಡಿದ ಒಂದು ಪ್ರಯತ್ನ ತುಂಬಾ ಸ್ಟೈಲಿಶ್ ಆಗ್ಬಿಡ್ತು, ಇದು ರೆಸಿಡೆಂಟ್ ಈವಿಲ್ ಥರ ಇಲ್ಲ ಅಂತ ಹೆಸರು ಬದಲಾಯ್ಸಿ 2001ರಲ್ಲಿ ಡೆವಿಲ್ ಮೇ ಕ್ರೈ ಅಂತ ಬಿಟ್ರು, ಮಾಡಿದ್ದು ರೆಸಿಡೆಂಟ್ ಈವಿಲ್ ಎರಡನೇ ಭಾಗ ನಿರ್ದೇಶಿಸಿದ ಕಾಮಿಯಾನೇ. ಆಮೇಲೆ ಇನ್ನೂ ಒಂದೆರಡು ಪ್ರಯತ್ನ ಕಸದ ಬುಟ್ಟಿಗೆ ಹೋಗಿ, ಝಾಂಬಿ ಇಲ್ಲದ, ಮೂಲೆ ಕ್ಯಾಮೆರಾ ಇಲ್ಲದ, ಹಾರಿ ಒದೆಯೋ ಲಿಯಾನ್ ಇರೋ ಒಂದಕ್ಕೆ ನಾಲ್ಕು ಅಂತ ಹೆಸರಿಟ್ರು. ಮೊದಲನೇದು ಯಾಕೆ ಅಲ್ಲ, ಕೊನೇದು ಯಾಕೆ ಹೌದು? ಯಾರೋ ಒಂದು ಮೀಟಿಂಗಲ್ಲಿ ಹೂಂ ಅಂದ್ರು, ಅದಕ್ಕೆ. ಪ್ರಿನ್ಸ್ ಆಫ್ ಪರ್ಷಿಯಾ ಅಂತ ಶುರುವಾಗಿದ್ದು 2007ರಲ್ಲಿ ಅಸಾಸಿನ್ಸ್ ಕ್ರೀಡ್ ಆಯ್ತು, ಅದೂ ಇದೇ ಜಾತಿ. ಆ ಮೀಟಿಂಗಲ್ಲಿ ಊಹೂಂ ಅಂದಿದ್ರೆ ನೀವಿವತ್ತು ರಾಜಕುಮಾರ ಯಾಕೆ ಟೋಪಿ ಹಾಕ್ಕೊಂಡ ಅಂತ ಥ್ರೆಡ್ ಹಾಕ್ತಿದ್ರಿ.

ಡಿಸ್ಕ್‌ಮೂರು:

@ಕಟ್ಟೆಪುರಾಣ ಡಬ್ಬಿ ಮೇಲೆ ಹೆಸರು ಹಾಕಿದ್ರೆ ಸಾಕು ಅನ್ನೋದಾದ್ರೆ 2013ರ ಡೆವಿಲ್ ಮೇ ಕ್ರೈ ಯಾಕೆ ಜನ ಒಪ್ಲಿಲ್ಲ? ಹೆಸರಿತ್ತು, ನಾಯಕ ಡಾಂಟೆ ಇದ್ದ, ಆದ್ರೆ ಬಿಳಿ ಕೂದ್ಲು ಹೋಗಿ ಕಪ್ಪಾಗಿತ್ತು, ಬೇರೆ ತಂಡ, ಬೇರೆ ಮಾತು. ಆಡೋಕೆ ಅಷ್ಟೇನೂ ಕೆಟ್ಟದಿರ್ಲಿಲ್ಲ ಅದು, ಆದ್ರೂ ಕೊನೆಗೆ 2019ರ ಐದನೇದಕ್ಕೆ ಹಳೇ ಡಾಂಟೆನೇ ವಾಪಸ್ ಕರ್ಕೊಂಡು ಬರ್ಬೇಕಾಯ್ತು. ಹೆಸರಿಡೋದು ಮೀಟಿಂಗಲ್ಲಿ ಸರಿ, ಆ ಹೆಸರು ಕೂರುತ್ತಾ ಇಲ್ವಾ ಅಂತ ಹೇಳೋದು ಆಡೋರು.

ಕಟ್ಟೆಪುರಾಣ:

ಕೂದ್ಲಿಗೋಸ್ಕರ ಯುದ್ಧ ಮಾಡೋ ಜನಾನೂ ಸೀರೀಸ್‌ನ ಗುರುತಿನ ಭಾಗಾನೇ ಅಂತ ಸೇರಿಸ್ಕೊಳ್ಳಿ ಹಾಗಾದ್ರೆ

ಗಾಳಿಪಟದಕ್ಕ:

ಕೂದ್ಲು ಅಂದಾಗ ನೆನಪಾಯ್ತು, ಬಣ್ಣಕ್ಕೋಸ್ಕರ ಆದ ಜಗಳ ಇದಕ್ಕಿಂತ ದೊಡ್ಡದು. ಝೆಲ್ಡಾ ಸೀರೀಸ್‌ಗೆ 2000ದಲ್ಲಿ ನಿಂಟೆಂಡೊ ತನ್ನ ಹೊಸ ಯಂತ್ರ ಗೇಮ್‌ಕ್ಯೂಬ್ ತೋರಿಸುವಾಗ ನಾಯಕ ಲಿಂಕ್ ಮತ್ತೆ ವಿಲನ್ ಗ್ಯಾನನ್‌ಡಾರ್ಫ್ ಕತ್ತಿ ಹಿಡಿದು ಕಾದಾಡೋ ಒಂದು ಚಿಕ್ಕ ವಿಡಿಯೋ ತೋರಿಸಿದ್ರು, ನಿಜದ ಮನುಷ್ಯರ ಥರ. ಎಲ್ರೂ ಇದೇ ಮುಂದಿನ ಝೆಲ್ಡಾ ಅಂತ ಕನಸು ಕಂಡ್ರು, ಮಾರನೇ ವರ್ಷ ನೋಡಿದ್ರೆ ದೊಡ್ಡ ತಲೆ ದೊಡ್ಡ ಕಣ್ಣಿನ ಕಾರ್ಟೂನ್ ಹುಡುಗ. ಎಷ್ಟು ಬೈದಿದಾರೆ ಗೊತ್ತಾ ವಿಂಡ್ ವೇಕರ್ ಅನ್ನೋ ಆ ಗೇಮ್‌ಗೆ. ನಾನೂ ಬೈದಿದೀನಿ, ಸುಳ್ಳು ಯಾಕೆ ಹೇಳ್ಲಿ. ಅದಕ್ಕೆ ಉತ್ತರ ಅನ್ನೋ ಹಾಗೆ 2006ರಲ್ಲಿ ಟ್ವೈಲೈಟ್ ಪ್ರಿನ್ಸೆಸ್ ಕೊಟ್ರು, ಕತ್ತಲೆ, ಕಂದು ಬಣ್ಣ, ಗಂಭೀರ ಮುಖ. ಈಗ ಎರಡನ್ನೂ ಹಾಕಿ ನೋಡಿ, ಆ ಕಾರ್ಟೂನೇ ಇವತ್ತಿಗೂ ಹೊಸದಾಗಿ ಕಾಣುತ್ತೆ, ಗಂಭೀರ ಇದ್ದಿದ್ದಕ್ಕೆ ವಯಸ್ಸಾಗಿದೆ.

ಆದ್ರೆ ಚಿತ್ರದ ಸ್ಟೈಲ್ ಬದಲಾಗಿದ್ದು ನಿಜವಾದ ಬದಲಾವಣೆನೇ ಅಲ್ಲ ಅಂತ ನಂಗೆ ಆಮೇಲೆ ಅನ್ನಿಸ್ತು. ವಿಂಡ್ ವೇಕರ್ ಒಳಗೆ ಹೋದ್ರೆ ಅದೇ 1998ರ ಝೆಲ್ಡಾ ಗೇಮ್ ಒಕರಿನಾದ ಲೆಕ್ಕ, ಗುಹೆಗೆ ಹೋಗು, ಹೊಸ ಸಾಮಾನು ಸಿಗುತ್ತೆ, ಅದರಿಂದ್ಲೇ ಆ ಗುಹೆಯ ಒಡೆಯನ ಹೊಡಿ, ಮುಂದೆ ನಡಿ. ಜನ ಬೈದಿದ್ದು ಚರ್ಮಕ್ಕೆ, ಮೂಳೆ ಅಲ್ಲಾಡಿರ್ಲೇ ಇಲ್ಲ. ಮೂಳೆ ಮುರಿದಿದ್ದು 2017ರ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ. ಮುಖ್ಯ ಶಕ್ತಿಗಳನ್ನೆಲ್ಲಾ ಮೊದಲ ಬಯಲಲ್ಲೇ ಕೈಗೆ ಕೊಟ್ಟು ಹೋಗು ಅಂತಾರೆ, ಬೇಕಿದ್ರೆ ಸೀದಾ ಕೋಟೆಗೆ ಹೋಗಿ ಕೊನೇ ಯುದ್ಧಾನೇ ಮಾಡು. ಕತ್ತಿ ಹೊಡ್ದು ಹೊಡ್ದು ಮುರಿದು ಹೋಗುತ್ತೆ, ಮಳೆ ಬಂದ್ರೆ ಬಂಡೆ ಹತ್ತೋಕಾಗದೇ ಜಾರುತ್ತೆ. ಇಪ್ಪತ್ತು ವರ್ಷದ ಅಭ್ಯಾಸ ಎಲ್ಲಾ ತೆಗೆದು ಬಿಸಾಕಿದ್ರು, ಅದಕ್ಕೆ ಆ ಕಾರ್ಟೂನ್ ಹುಡುಗನಿಗೆ ಬಿದ್ದ ಬೈಗುಳದ ಕಾಲು ಭಾಗನೂ ಬೀಳ್ಲಿಲ್ಲ!

ಯಾಕೆ ಅಂತ ತುಂಬಾ ಯೋಚ್ನೆ ಮಾಡಿದೀನಿ. 1986ರ ಮೊದಲನೇ ಝೆಲ್ಡಾ ಶುರು ಆಗೋದೇ ಹಾಗೆ, ಬಯಲಲ್ಲಿ ಒಬ್ನೇ ನಿಂತಿರ್ತೀಯ, ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಹೇಳಲ್ಲ, ಪಕ್ಕದಲ್ಲೊಂದು ಗುಹೆ, ಒಳಗೆ ಒಬ್ಬ ಮುದುಕ ಕತ್ತಿ ಕೊಡ್ತಾನೆ, ಆ ಗುಹೆಗೆ ಹೋಗ್ದೇನೂ ಮುಂದೆ ಹೋಗ್ಬೋದು. ಕೊನೇಗುಂಡು ಏಳನೇದರ ಬಗ್ಗೆ ಹೇಳಿದ ಹಾಗೇ ಇದೂ ತಡವಾಗಿ ಬಂದ ಮೊದಲನೇ ಐಡಿಯಾ. ಮಧ್ಯೆ ಬಂದ ಅಭ್ಯಾಸಗಳನ್ನೇ ನಾವು ಗುರುತು ಅಂದ್ಕೊಂಡಿರ್ತೀವಿ, ಯಾಕಂದ್ರೆ ನಾವು ಸೀರೀಸ್ ಒಳಗೆ ಬಂದಿದ್ದೇ ಮಧ್ಯದಲ್ಲಿ. ಮೂಲೆಕ್ಯಾಮೆರಾ ಅವರಿಗೆ ನೋವಾದ್ರೆ ಕ್ಷಮಿಸಿ ಮತ್ತೆ, ನಿಮ್ಮನ್ನ ಉದ್ದೇಶಿಸಿ ಹೇಳಿದ್ದಲ್ಲ. (ಸ್ವಲ್ಪ ನಿಮ್ಮನ್ನೇ ಉದ್ದೇಶಿಸಿ ಹೇಳಿದ್ದು.)

ಮೂಲೆಕ್ಯಾಮೆರಾ:

ನೋವೇನಿಲ್ಲ ಅಕ್ಕ, ನಾನು ಬಂದಿದ್ದು ಮೊದಲನೇದರಿಂದ್ಲೇ. ನಂಗೆ ಮಧ್ಯ ಅನ್ನೋದೇ ಇಲ್ಲ.

ಹಸಿರುಸೊಪ್ಪು:

ಒಂದು ವಾರ ಆದ್ಮೇಲೆ ಬಂದೆ. ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸುಮ್ನೆ ಮಾತಾಡೋ ಬದ್ಲು ಆಡಿ ನೋಡೋಣ ಅಂತ ಎರಡು ಕೆಲಸ ಮಾಡಿದೆ.

ಒಂದು, ಆಫ್ ಮಾಡಿಟ್ಟಿದ್ದ ಆರನೇದರಲ್ಲಿ ಲಿಯಾನ್ ಭಾಗ ಪೂರ್ತಿ ಮುಗಿಸ್ದೆ. ಶುರು ಚೆನ್ನಾಗೇ ಇದೆ ಗುರು, ವಿಶ್ವವಿದ್ಯಾಲಯದ ಕತ್ತಲೆ ಕೋಣೆಗಳು, ಝಾಂಬಿ ಆಗಿರೋ ಅಮೆರಿಕದ ಅಧ್ಯಕ್ಷ, ಸಾಕಷ್ಟು ಹೊತ್ತು ಗುಂಡೇ ಹಾರಲ್ಲ. ಆದ್ರೆ ಜೊತೇಲಿ ಹೆಲೆನಾ ಇರ್ತಾಳೆ, ಕತ್ತಲೇಲಿ ಪಕ್ಕ ಒಬ್ರು ಮಾತಾಡ್ಕೊಂಡು ಬರ್ತಿದ್ರೆ ಎಂಥ ಭಯ? ಐದರಲ್ಲೂ ಶೇವಾ ಜೊತೆಗಿದ್ಳು, ಆದ್ರೆ ಅಲ್ಲಿ ಒಬ್ಬೊಬ್ಬರಿಗೆ 9 ಜಾಗ, ಚೀಲ ತೆಗೆದ್ರೂ ಆಟ ನಿಲ್ಲಲ್ಲ, ಗುಂಡು ಕೊಡೋದಾ ಇಟ್ಕೊಳ್ಳೋದಾ ಅನ್ನೋ ಪೇಚಾಟ ಇತ್ತು. ಆರರಲ್ಲಿ ಅದೂ ಇಲ್ಲ. ನಾನು ಗುಂಡು ಎಣಿಸೋದನ್ನ ಯಾವಾಗ ಬಿಟ್ಟೆ ಅಂತಾನೇ ಗೊತ್ತಾಗ್ಲಿಲ್ಲ. ಅಲ್ಲಿಗೆ ಕೊನೇಗುಂಡುಗೆ ಒಂದು ಪಾಯಿಂಟು.

ಎರಡು, 2019ರ ಎರಡನೇದರ ರೀಮೇಕ್ ಶುರು ಮಾಡ್ದೆ, ಇದು ಮೂಲೆಕ್ಯಾಮೆರಾ ಅವರಿಗೆ. ಕ್ಯಾಮೆರಾ ಭುಜದ ಹಿಂದೇನೇ, ನೀವು ಹೇಳೋ ಪ್ರಕಾರ ಆ ಮೂರನೆಯವನು ಸತ್ತಿರ್ಬೇಕು. ಆದ್ರೆ ಪೊಲೀಸ್ ಸ್ಟೇಷನ್ ಅಷ್ಟೂ ಕತ್ತಲೆ, ಟಾರ್ಚ್ ಬಿದ್ದ ಕಡೆ ಮಾತ್ರ ಕಾಣುತ್ತೆ, ಮಿಕ್ಕಿದ್ದೆಲ್ಲಾ ಮುಚ್ಚಿಟ್ಟಿರೋ ಹಾಗೇನೇ. ಆಮೇಲೆ ಅಟ್ಟಿಸ್ಕೊಂಡು ಬರೋ ದೈತ್ಯ ಮಿಸ್ಟರ್ ಎಕ್ಸ್ ಬಂದ್ಮೇಲೆ ಅವನ ಬೂಟಿನ ಸದ್ದು ಮೇಲಿನ ಮಹಡೀಲಿ ಧಪ್ ಧಪ್ ಅಂತ ಕೇಳ್ತಾನೇ ಇರುತ್ತೆ, ಅವನು ಕಾಣಲ್ಲ, ಯಾವ ಬಾಗಿಲಿಂದ ಬರ್ತಾನೆ ಗೊತ್ತಿಲ್ಲ, ನಾನು ಒಂದು ಕೋಣೇಲಿ ಗೋಡೆಗೆ ಅಂಟ್ಕೊಂಡು ಸುಮ್ನೆ ನಿಂತ್ಬಿಟ್ಟಿದ್ದೆ ಎರಡು ನಿಮಿಷ. ನೀವು ಹೇಳಿದ ಮೂಲೆ ಆಚೆಯ ನರಳಾಟ ಇದೇ ಅಲ್ವಾ? ಮೊದ್ಲು ಕ್ಯಾಮೆರಾ ಮುಚ್ಚಿಡ್ತಿದ್ದನ್ನ ಈಗ ಕತ್ತಲೆ ಮತ್ತೆ ಸದ್ದು ಮುಚ್ಚಿಡ್ತಿವೆ.

ಮೂಲೆಕ್ಯಾಮೆರಾ:

ಅರ್ಧ ಒಪ್ತೀನಿ. ಆ ಬೂಟಿನ ಸದ್ದು ನಂಗೂ ನಿದ್ದೆ ಕೆಡಿಸಿದೆ. ಆದ್ರೆ ಟಾರ್ಚ್ ಯಾವ ಕಡೆ ತಿರುಗಿಸ್ಬೇಕು ಅನ್ನೋದು ನಿಮ್ಮ ಕೈಲಿದೆ, ಅಷ್ಟರ ಮಟ್ಟಿಗೆ ನೀವು ಒಡೆಯ. ಹಳೇದರಲ್ಲಿ ಅಷ್ಟೂ ಇರ್ಲಿಲ್ಲ. ಇನ್ನರ್ಧ ಕೊಡಲ್ಲ, ಕೇಳ್ಬೇಡಿ.

ಕೊನೇಗುಂಡು:

ಇವರ ಬಾಯಲ್ಲಿ ಅರ್ಧ ಬಂದಿದ್ದೇ ದೊಡ್ಡದು, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ ಯಾರಾದ್ರೂ.

@ಹಸಿರುಸೊಪ್ಪು ಒಂದು ಕೆಲಸ ಮಾಡು, ಏಳನ್ನ ಒಂದ್ಸಲ ಮುಗಿಸಿದೀಯ ಅಂದ್ರೆ ಮ್ಯಾಡ್‌ಹೌಸ್ ಡಿಫಿಕಲ್ಟಿ (ಅತಿ ಕಷ್ಟದ ಮಟ್ಟ) ತೆರ್ಕೊಂಡಿರುತ್ತೆ, ಅದನ್ನ ಹಾಕು. ಮಾಮೂಲಿ ಆಟದಲ್ಲಿ ಟೇಪ್‌ರೆಕಾರ್ಡರ್ ಹತ್ರ ಹೋಗಿ ಎಷ್ಟು ಸಲ ಬೇಕಾದ್ರೂ ಸೇವ್ ಮಾಡ್ಬೋದಲ್ಲ, ಅದರಲ್ಲಿ ಒಂದೊಂದು ಸೇವ್‌ಗೂ ಒಂದೊಂದು ಕ್ಯಾಸೆಟ್ ಬೇಕು, ಎಣಿಸಿ ಇಟ್ಟಿರ್ತಾರೆ ಮನೆ ತುಂಬಾ. 1996ರ ರಿಬ್ಬನ್ನೇ, ವೇಷ ಬದಲಾಯ್ಸಿದೆ ಅಷ್ಟೇ.

ಹಸಿರುಸೊಪ್ಪು:

ಹಾಕಿದೀನಿ. ಯಾಕೆ ಹೇಳಿದ್ಯೋ ಮಾರಾಯ.

ಆ ಹುಚ್ಚು ಸಂಸಾರದ ಅಪ್ಪ ಜ್ಯಾಕ್ ಅಟ್ಟಿಸ್ಕೊಂಡು ಬಂದ, ಹೆಂಗೋ ತಪ್ಪಿಸ್ಕೊಂಡು ಸೇಫ್ ರೂಮ್ ಸೇರಿದೀನಿ. ಔಷಧಿ ಒಂದು, ಪಿಸ್ತೂಲಲ್ಲಿ ಗುಂಡು ನಾಲ್ಕು. ಕೈಲಿ ಇರೋದು ಒಂದೇ ಕ್ಯಾಸೆಟ್. ಹದಿನೈದು ನಿಮಿಷದಿಂದ ಟೇಪ್‌ರೆಕಾರ್ಡರ್ ಮುಂದೆ ನಿಂತಿದೀನಿ, ಈಗ್ಲೇ ಸೇವ್ ಮಾಡ್ಲಾ, ಇಲ್ಲ ಆಚೆ ಕೋಣೆ ಮುಗಿಸ್ಕೊಂಡು ಬಂದು ಮಾಡ್ಲಾ?

ಕೊನೇಗುಂಡು:

ಉಳಿಸ್ಕೋ.

ಗಾಳಿಪಟದಕ್ಕ:

ಮಾಡ್ಬಿಡಪ್ಪಾ, ನಾಲ್ಕು ಗುಂಡಲ್ಲಿ ಎಲ್ಲಿಗೆ ಹೋಗ್ತೀಯ.

ಮೂಲೆಕ್ಯಾಮೆರಾ:

ಬಾಗಿಲಿಗೆ ಕಿವಿ ಕೊಟ್ಟು ಕೇಳು ಮೊದ್ಲು.